ವಠಾರಕ್ಕೆ ಬಂದ ಕೈನೋವು

ಇವತ್ತು ಬೆಳಿಗ್ಗೆ ಹಂಚಿನ ಮೇಲೆ ಜೋಳದ ರೊಟ್ಟಿಯೊಂದು ಸೀದಿತು. ತಪ್ಪು ನನ್ನದೇ, ಹಾಲಿನವಳ ಹತ್ತಿರ ಮಾತಿಗೆ ನಿಂತಿದ್ದೆ. ಆದರೆ ಆ ಕಮರು ವಾಸನೆ ಇದೆಯಲ್ಲ, ಅದು ನನ್ನನ್ನು ನೇರ ದಾವಣಗೆರೆಯ ನಮ್ಮ ಹಳೆಯ ವಠಾರಕ್ಕೆ ಕರೆದೊಯ್ದುಬಿಟ್ಟಿತು.

ಅಲ್ಲಿನ ಗಂಡಸರೆಲ್ಲ ಮಿಲ್ಲಿಗೆ ಹೋಗುವವರು. ಅಪ್ಪ ಮಾತ್ರ ಆ ವರ್ಷ, ಮುಂದೆ ಒಳ್ಳೆಯ ಸಂಬಳ ಬರುತ್ತದೆಂಬ ಆಸೆಗೆ ಮಿಲ್ಲು ಬಿಟ್ಟು, ಹರಿಹರದ ಹೊಸ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ್ದ. ಕಲಿಯುವಷ್ಟು ದಿನ ಸಿಕ್ಕಿದ್ದು ಅವನ ಊಟಕ್ಕೇ ಸರಿಹೋಗುತ್ತಿತ್ತು. ಬಾಡಿಗೆ ನಿಂತಿತು. ವಠಾರದ ಸಾಹುಕಾರರು ಕೆಟ್ಟವರೇನಲ್ಲ, ಆದರೂ ಒಂದು ಸಂಜೆ ಬಾಗಿಲಲ್ಲಿ ನಿಂತು, "ಇದೊಂದು ತಿಂಗಳು ನೋಡ್ತೀನಿ ತಂಗಿ. ಆಮ್ಯಾಲೆ ಮನಿ ಬಿಡಬೇಕಾಗ್ತೈತೆ" ಎಂದು ಹೋದರು. ಬಿಟ್ಟು ಹೋಗುವುದೆಲ್ಲಿಗೆ? ಮಂಡ್ಯದ ಕಡೆ, ಅಮ್ಮನ ತವರಿಗೆ. ಅಪ್ಪ ಇಲ್ಲಿ, ನಾವು ಅಲ್ಲಿ.

ಪಕ್ಕದ ಮನೆಯ ನೀಲವ್ವ ದುಡ್ಡು ಕೊಡಲು ಬಂದರೆ ಅಮ್ಮ ಮುಟ್ಟಲಿಲ್ಲ. ಮರುದಿನ ಅದೇ ನೀಲವ್ವ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಹಿಟ್ಟಿನ ಡಬ್ಬಿ ಹಿಡಿದು ಹಾಜರು.

"ಕೈ ಉಳುಕೈತೆ ನೋಡವ್ವ. ರೊಟ್ಟಿ ಬಡಿಯಾಕ ಆಗಂಗಿಲ್ಲ. ನೀ ಬಡಿದುಕೊಡು, ಕೂಲಿ ತಗೋ. ನನಗೂ ಪುಕ್ಕಟೆ ಬ್ಯಾಡ."

ವಾರದೊಳಗೆ ಆ ಬೇನೆ ವಠಾರವನ್ನೆಲ್ಲ ಹಿಡಿಯಿತು. ನಾನೆಂಥ ಪೆದ್ದಿ ಎಂದರೆ, ಉಪ್ಪಿನ ಬಿಸಿ ಗಂಟು ಹಿಡಿದು ಮನೆಮನೆಗೂ ಶಾಖ ಕೊಡಲು ಹೋಗುತ್ತಿದ್ದೆ. ಅವರೂ ನರಳುತ್ತ ಕೈ ಚಾಚುತ್ತಿದ್ದರು. ಇವತ್ತು ಎಡಗೈ, ನಾಳೆ ಬಲಗೈ.

ತೊಡಕು ಒಂದೇ. ಅಮ್ಮ ಮುದ್ದೆಯ ಸೀಮೆಯವಳು. ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅಂಚು ಹರಿದ, ನಡುವೆ ದಪ್ಪನಾದ, ಅಲ್ಲಲ್ಲಿ ಸೀದ ಆ ರೊಟ್ಟಿಗಳನ್ನು ಜೋಳದ ಸೀಮೆಯ ಜನ ತಿಂಗಳುಗಟ್ಟಲೆ ಅಗಿದರೆಂದರೆ, ನೀವೇ ಲೆಕ್ಕ ಹಾಕಿ. ನೀಲವ್ವನ ಗಂಡ ಒಮ್ಮೆ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, "ಇದಕ್ಕೊಂದು ಅಚ್ಚು ಹಾಕಿದ್ರೆ ಗಾಡಿ ಓಡ್ತೈತೆ" ಅಂದ.

"ಸುಮ್ನ ತಿನ್ರಿ. ಹಲ್ಲು ಗಟ್ಟಿ ಆಗ್ತಾವು" ಎಂದಳು ನೀಲವ್ವ.

ಆ ಕೂಲಿಯೇ ಬಾಡಿಗೆಯಾಗಿ ಸಾಹುಕಾರರ ಕೈ ಸೇರುತ್ತಿತ್ತು. ಅಪ್ಪನ ಕೆಲಸ ಖಾಯಂ ಆಗಿ, ಮೊದಲ ಪೂರ್ತಿ ಸಂಬಳ ಬಂದ ಮರುದಿನ ಬೆಳಿಗ್ಗೆ ಎಲ್ಲ ಮನೆಗಳಿಂದಲೂ ಪಟಪಟ ರೊಟ್ಟಿ ಬಡಿಯುವ ಸದ್ದು. ಇಡೀ ವಠಾರದ ಕೈ ಒಂದೇ ರಾತ್ರಿಯಲ್ಲಿ ವಾಸಿಯಾಗಿತ್ತು.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಕಿಟಕಿ ತೆರೆದು ಹೊಗೆ ಆಚೆ ಬಿಡುತ್ತ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿಯೇಬಿಟ್ಟೆ: "ಅವರ್ಯಾರಿಗೂ ಕೈನೋವು ಇರಲಿಲ್ಲ ಅಂತ ನಿನಗೆ ಗೊತ್ತೇ ಆಗಲಿಲ್ವೇನಮ್ಮ?"

ಸೊಪ್ಪು ಸೋಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಮೊದಲ್ನೇ ದಿನಾನೇ ಗೊತ್ತಾತು. ಎರಡು ಕೊಡ ನೀರು ಹೊತ್ಕೊಂಡು ಹೋಗ್ತಿದ್ಲು ನೀಲವ್ವ."

"ಮತ್ಯಾಕೆ ಸುಮ್ಮನಿದ್ದೆ?"

"ನಾ ಬಾಯಿ ಬಿಟ್ಟಿದ್ರೆ ಅವರ ಕೈ ಅವತ್ತೇ ನೆಟ್ಟಗಾಗ್ತಿತ್ತು. ಬಾಡಿಗಿ ಯಾರು ಕಟ್ಟೋರು, ನೀನಾ?"

ಅಂದರೆ ಇಡೀ ವಠಾರದಲ್ಲಿ ಆ ಕೈನೋವನ್ನು ನಂಬಿದವಳು ನಾನೊಬ್ಬಳೇ.