ಕೂಡದ ಎರಡು ಡಬ್ಬಿ

ಬೋರ್‌ವೆಲ್‌ಗಳು ಬತ್ತಿದ ವರ್ಷ ಅದು. ಭಾಲ್ಕಿ ಸ್ಟೇಷನ್ನಿನಲ್ಲಿ ಹಾಸಿಗೆ ಸುತ್ತಿಕೊಂಡು ಪುಣೆಯ ಗಾಡಿಗೆ ಕಾಯುತ್ತಿದ್ದವರನ್ನು ನಾನು ನೋಡಿದ್ದು ಎದುರು ದಿಕ್ಕಿನ ಗಾಡಿಯ ಕಿಟಕಿಯಿಂದ. ಪುಣೆಯ ಆಫೀಸೊಂದರಲ್ಲಿ ಮರಾಠಿ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಅದನ್ನು ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಿಂದಲೇ ಮಾಡುತ್ತೇನೆಂದು ಹಟ ಹಿಡಿದು ಬಂದಿದ್ದೆ. ಮೇಲಧಿಕಾರಿಯ ಷರತ್ತು ಒಂದೇ: ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಂಟರ್‌ನೆಟ್ಟಿನಲ್ಲಿ ಮುಖ ತೋರಿಸಬೇಕು. ಆಗದಿದ್ದರೆ ಪುಣೆಗೆ ವಾಪಸ್ಸು.

ಎಲ್ಲರೂ ಊರು ಬಿಡುವಾಗ ಬರುವವಳ ತಲೆ ನೆಟ್ಟಗಿಲ್ಲ ಎಂದು ಟ್ಯಾಂಕರಿಗೆ ಕೊಡ ಇಟ್ಟು ನಿಂತ ಓಣಿಯವರು ನಕ್ಕರು. ನೆಟ್ಟಗಿಲ್ಲದಿದ್ದರೆ ಅದು ನನ್ನ ತಲೆ, ಅವರಿಗೇನು? ಆರು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದವಳಿಗೆ ನಮ್ಮ ಮನೆಯ ಧೂಳಿನ ವಾಸನೆಯೂ ಹಿತವಾಗಿತ್ತು. ನಾನು ಮತ್ತೆ ಹೋಗುವವಳಲ್ಲ.

ಮನೆಯಲ್ಲಿ ವೈಫೈ ಇಲ್ಲದ, ಟೆಲಿಫೋನ್ ಲೈನಿನ ಹಳೆಯ ಮೋಡೆಮ್ ಇತ್ತು; ಲೈನು ಇನ್ನೂ ಚಾಲೂ ಇತ್ತು. ಪುಣೆಯಲ್ಲಿರುವ ಅಣ್ಣ ತನ್ನ ವೈಫೈ ರೌಟರ್ ಕೊಟ್ಟಿದ್ದ, ನಡೆಯದಿದ್ದರೆ ಸುಮ್ಮನೆ ತಿರುಗಿ ಬಾ ಎಂಬ ಮಾತಿನ ಸಮೇತ. ಶನಿವಾರ ಫೋನಿನ ತಂತಿಯನ್ನು ನೇರವಾಗಿ ರೌಟರಿಗೇ ಚುಚ್ಚಿದೆ. ಸಣ್ಣ ಪಿನ್ನು ದೊಡ್ಡ ತೂತಿನಲ್ಲಿ ಲೊಡಲೊಡ ಅಲ್ಲಾಡಿತು, ದೀಪ ಹತ್ತಲಿಲ್ಲ. ಔರಾದ ಕಡೆಯ ಲೈನ್‌ಮನ್ ಒಬ್ಬ ಬಂದು, ರೌಟರ್ ಕೇಬಲ್ ಲೈನಿನದು, ಮೋಡೆಮ್ ಫೋನಿನದು ಎಂದು ತಲೆ ಅಲ್ಲಾಡಿಸಿದ.

"ಇವು ಎರಡೂ ಕೂಡಂಗಿಲ್ರಿ ಅಕ್ಕಾವ್ರ. ಹೈದ್ರಾಬಾದಿಂದ ಹೊಸಾದು ತರಸ್ರಿ, ಎಂಟು ದಿನ ಆಗ್ತದ."

ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡಿ ಬೆಳೆದವಳು ನಾನು. ಕೂಡದ್ದನ್ನು ಕೂಡಿಸಿಯೇ ಹೊಟ್ಟೆ ಹೊರೆಯುತ್ತೇನೆ. ಈ ಎರಡು ಡಬ್ಬಿ ಯಾವ ಲೆಕ್ಕ?

ಭಾನುವಾರ ಫೋನಿನ ತಂತಿಯನ್ನು ಮೋಡೆಮ್ಮಿಗೆ ಹಾಕಿ, ಅಲ್ಲಿಂದ ರೌಟರಿಗೆ ಇನ್ನೊಂದು ತಂತಿ ಎಳೆದೆ. ದೀಪಗಳೆಲ್ಲ ಹತ್ತಿದವು, ಇಂಟರ್‌ನೆಟ್ ಮಾತ್ರ ಬರಲಿಲ್ಲ. ತಿರುಗಿಸಿ ನೋಡಿದರೆ ಎರಡೂ ಡಬ್ಬಿಗಳ ಬೆನ್ನಿಗೆ ವಿಳಾಸವೆಂದು ಒಂದೇ ಅಂಕಿಗಳು ಅಚ್ಚಾಗಿದ್ದವು. ಒಂದೇ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನಾದರೂ ಏನು ಮಾಡಿಯಾನು? ಕಂಪ್ಯೂಟರನ್ನು ರೌಟರಿಗೆ ಜೋಡಿಸಿ ಅದರ ಒಂದು ಅಂಕಿ ಬದಲಿಸಿದೆ. ಮೊಬೈಲಿನಲ್ಲಿ ಪುಟ ತೆರೆದುಕೊಂಡಾಗ ನಡುಮನೆಯಲ್ಲಿ ಒಬ್ಬಳೇ ಕುಣಿದೆ, ನಾಚಿಕೆಯಿಲ್ಲದೆ.

ಸೋಮವಾರ ಹತ್ತಕ್ಕೆ ಸರಿಯಾಗಿ ಮುಖ ತೋರಿಸಿದೆ. ಮೇಲಧಿಕಾರಿ ಆ ದಿನದ ಕಾಗದಗಳನ್ನು ಕಳಿಸಿಕೊಟ್ಟರು. ಮಧ್ಯಾಹ್ನ ಅಣ್ಣ ಫೋನು ಮಾಡಿ ಯಾವ ಗಾಡಿಗೆ ಹೊರಡುತ್ತೀ ಎಂದು ವಿಚಾರಿಸಿದ.

"ನಾ ಬರಂಗಿಲ್ಲ," ಎಂದೆ. "ನಿಂದೂ ಕಂಪ್ಯೂಟರದಾಗಿನ ಕೆಲಸನೇ ಅದ ಅಲ್ಲ? ನೀನೇ ಬಾ. ಒಳಗಿನ ಕೋಣಿ ಖಾಲಿ ಅದ."

ಅವನು ನಗುತ್ತಾನೆಂದು ಕಾದೆ. ನಗಲಿಲ್ಲ. ದನಿ ತಗ್ಗಿಸಿ ಕೇಳಿದ:

"ಒಳಗಿನ ಕೋಣಿತನಕ ವೈಫೈ ಬರ್ತದೇನು?"