ನಾನು ತುಟಿಯಾಡಿಸಿದ ಹಾಡು

ಹೋದ ತಿಂಗಳು ಮೊಮ್ಮಗಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. ಅವಳಿಗೆ ಮೀಸೆ ಅಂಟಿಸಲು ಮಗ ಪುಟ್ಟದೊಂದು ಬಾಟಲಿ ತಂದು ಮುಚ್ಚಳ ತೆಗೆದ. ನಾಟಕದವರು ಬಳಸುವ ಆ ಗೋಂದಿನ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಹೋದೆ. ಅಸಹ್ಯ ಹುಟ್ಟಿದ್ದು ಗೋಂದಿನ ಮೇಲಲ್ಲ, ನನ್ನ ಮೇಲೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಿಕ್ಕೇರಿಯ ಹತ್ತಿರದ ನಮ್ಮೂರಿನಲ್ಲಿ ವರ್ಷಕ್ಕೊಂದು ನಾಟಕ ಆಗಲೇಬೇಕಿತ್ತು. ನಾಗಮಂಗಲದ ಕಡೆಯ ಮೇಷ್ಟ್ರೊಬ್ಬರು ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದು, ಮೂರು ತಿಂಗಳು ಇದ್ದು ಕಲಿಸುತ್ತಿದ್ದರು. ನಮ್ಮಲ್ಲಿ ಪಾತ್ರ ಹಂಚುತ್ತಿದ್ದದ್ದು ಕಂಠ ನೋಡಿ ಅಲ್ಲ, ಮನೆ ನೋಡಿ. ಅಪ್ಪ ಊರಿನ ಯಜಮಾನರು, ಆದ್ದರಿಂದ ರಾಜನ ಪಾತ್ರ ನನಗೆ. ನನ್ನ ಗಂಟಲೋ, ಕೇಳಿದರೆ ಹಾಲು ಕರೆಯುವ ಎಮ್ಮೆಯೂ ಒದೆಯಬೇಕು, ಹಾಗಿತ್ತು. ಒಂದು ತಿಂಗಳು ಹೆಣಗಾಡಿ ಮೇಷ್ಟ್ರು ಕೈಚೆಲ್ಲಿದರು.

ಆಗ ಅವರ ಕಿವಿಗೆ ಬಿದ್ದದ್ದು ನಮ್ಮೂರ ನೀರುಗಂಟಿಯ ಹಾಡು. ಕೆರೆಯ ತೂಬು ಎತ್ತಿ, ಕಾಲುವೆಯ ನೀರನ್ನು ಎಲ್ಲರ ಗದ್ದೆಗೂ ಸಮನಾಗಿ ಹಂಚುವುದು ಆ ಮನುಷ್ಯರ ಮನೆತನದ ಕೆಲಸ. ಊರಾಚೆಯ ಕೇರಿಯವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನಾನು ಮಾತು ಕಲಿತಾಗಿನಿಂದ ಅವರನ್ನು ‘ಲೇ’ ಎಂದೇ ಕರೆದದ್ದು. ಏರಿಯ ಮೇಲೆ ಅವರು ದನಿ ಎತ್ತಿದರೆ ಗದ್ದೆಯಲ್ಲಿ ನಾಟಿ ಹಾಕುವವರ ಕೈ ನಿಲ್ಲುತ್ತಿತ್ತು...

ಮೇಷ್ಟ್ರು ಉಪಾಯ ಮಾಡಿದರು. ಅರಮನೆ ಬರೆದ ಪರದೆಯ ಹಿಂದೆ ಇನ್ನೊಂದು ಮೈಕು. ಹಾಡುವುದು ನೀರುಗಂಟಿ, ಮುಂದೆ ನಿಂತು ತುಟಿಯಾಡಿಸುವುದು ನಾನು. ಅಪ್ಪ ಒಪ್ಪಿದರು.

“ಆಡ್ಲಿ ಬುಡಿ ಮೇಷ್ಟ್ರೇ, ಇಂದ್ಗಡೆ ತಾನೆ. ಬಣ್ಣದ್ ಮನೆಗ್ ಮಾತ್ರ ಕಾಲಿಕ್ಬಾರ್ದು.”

ಎರಡು ತಿಂಗಳು ಅಭ್ಯಾಸ. ಶಾಲೆಯ ಜಗಲಿಯ ಮೇಲೆ ನಾನು, ಕೆಳಗೆ ಅಂಗಳದ ಮಣ್ಣಿನಲ್ಲಿ ಅವರು. ನಾವು ಕಲಿತ ರಾಜನ ಹಾಡಿನ ಅರ್ಥವೇನೆಂದು ಕೇಳಿದರೆ ನಿಮಗೂ ಅಸಹ್ಯವಾದೀತು. ನನ್ನ ರಾಜ್ಯದಲ್ಲಿ ಮೇಲಿಲ್ಲ, ಕೀಳಿಲ್ಲ ಎಂದು ರಾಜ ಸಾರುವ ಹಾಡು ಅದು! ಮೇಷ್ಟ್ರೇ ಕಟ್ಟಿದ್ದು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ.

ನಾಟಕದ ದಿನ ನಾನು ಮೀಸೆ ಅಂಟಿಸಿಕೊಂಡು ಬಣ್ಣದ ಮನೆಯಿಂದ ಹೊರಗೆ ಬಂದಾಗ ಅವರು ಆಚೆಯ ಕುರಿದೊಡ್ಡಿಯ ಪಕ್ಕ ಕಾಯುತ್ತಿದ್ದರು.

“ಚಿಕ್ಕಗೌಡ್ರೇ, ಒನ್ಸ್ ಮೋರ್ ಬಿದ್ರೆ ಒಂದ್ ಕಿತಾ ಪರದೆ ಎತ್ತುಸ್ಬುಡಿ. ನಮ್ಮವ್ವ ಕುಂತಿರ್ತಾಳೆ. ಆಡ್ದೋನು ನನ್ ಮಗ ಅಂತ ಕಣ್ಣಾರ ನೋಡ್ಕಳ್ಳಿ.”

“ಎತ್ತುಸ್ತೀನಿ ಬುಡ್ಲಾ, ಅದೇನ್ ದೊಡ್ ವಿಸ್ಯ” ಎಂದೆ.

ಹಾಡು ಮುಗಿಯಿತು. ಹೊಸಹೊಳಲಿನಿಂದ ಬಂದವರೂ ಎದ್ದು ಕೂಗಿದರು, ಒನ್ಸ್ ಮೋರ್! ನಮ್ಮೂರಿನವರಿಗೆ ಅದು ಯಾರ ದನಿಯೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನಗೇ ಹಾರ ಹಾಕಿದರು. ಪರದೆಯ ಹಗ್ಗ ಹಿಡಿದವನಿಗೆ ನಾನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಮುಂದಿನ ಸಾಲಿನಲ್ಲಿ ಅಪ್ಪ ಮೀಸೆ ತಿರುವುತ್ತಾ ಕೂತಿದ್ದರು. ನಾನು ಸನ್ನೆ ಮಾಡಲಿಲ್ಲ. ಎರಡನೆಯ ಸಲವೂ ಅವರು ಹಾಡಿದರು, ಮೊದಲಿಗಿಂತ ಚೆನ್ನಾಗಿ. ಮತ್ತೆ ಒನ್ಸ್ ಮೋರ್. ಪರದೆ ಏಳಲಿಲ್ಲ.

ಮೂರನೆಯ ಸಲ ಮೇಷ್ಟ್ರು ಶ್ರುತಿ ಹಿಡಿದರು, ನಾನು ಕೈ ಎತ್ತಿ ಬಾಯಿ ತೆರೆದೆ... ಪರದೆಯ ಹಿಂದಿನಿಂದ ದನಿ ಬರಲಿಲ್ಲ. ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಡಿಯುತ್ತಾ ನಿಂತಿದ್ದೆ. ಮೊದಲು ಮಕ್ಕಳು ನಕ್ಕರು, ಆಮೇಲೆ ಎಲ್ಲರೂ.

ಆಗ ನಾನು ಮಾಡಿದ ಹೊಲಸು ಕೆಲಸ ಇದು. ಮೈಕಿನಲ್ಲೇ ಕೂಗಿದೆ: “ಕುಡ್ದವ್ನೆ ಕಣ್ರಲಾ! ಕುಡ್ದು ಬಿದ್ಕಂಡವ್ನೆ!”

ಹೆಂಡದ ಅಂಗಡಿಯ ಹತ್ತಿರವೂ ಸುಳಿಯದ ಮನುಷ್ಯ. ನಮ್ಮ ಹುಡುಗರು ನಾಲ್ಕು ಜನ ನುಗ್ಗಿ, ರಟ್ಟೆ ಹಿಡಿದು, ಪರದೆ ಸರಿಸಿ ದೀಪದ ಬೆಳಕಿಗೆ ಎಳೆದುಕೊಂಡು ಬಂದರು. ಅವರ ತಾಯಿ ಮಗನನ್ನು ರಂಗದ ಮೇಲೆ ನೋಡಿದ್ದು ಹಾಗೆ. ನೀರುಗಂಟಿ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಜನರ ಕೊನೆಯಲ್ಲಿ ಎದ್ದು ನಿಂತಿದ್ದ ಮುದುಕಿಯನ್ನು ಹುಡುಕಿ, “ನಾನ್ ಕುಡ್ದಿಲ್ಲ ಕಣವ್ವಾ” ಎಂದರು. ಅಷ್ಟೇ.

ವಾರದೊಳಗೆ ಅಪ್ಪ ತೂಬಿನ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಆ ಮನೆಯವರು ಪಾಂಡವಪುರಕ್ಕೆ ಹೊರಟುಹೋದರು. ನಾನು ತಡೆಯಲಿಲ್ಲ, ಹೋದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಗೋಂದಿನ ವಾಸನೆ ಬಡಿದ ಮಾರನೆಯ ದಿನ ಬಸ್ಸು ಹತ್ತಿ, ಪಾಂಡವಪುರದಲ್ಲಿ ವಿಚಾರಿಸಿಕೊಂಡು ಆ ಮನೆ ಹುಡುಕಿದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ತಾಯಿ ಊರು ಬಿಟ್ಟ ವರ್ಷವೇ ಕಣ್ಣು ಮುಚ್ಚಿದರಂತೆ. ನೀರುಗಂಟಿಯ ಮಗ ಹೈಸ್ಕೂಲ್ ಮೇಷ್ಟ್ರು, ಕುರ್ಚಿ ಹಾಕಿ ಕೂರಿಸಿದ, ಕಾಫಿ ಕೊಟ್ಟ. ತನ್ನಪ್ಪ ಇಲ್ಲಿಯ ಭಜನೆ ಮನೆಯಲ್ಲಿ ಎಲ್ಲರ ಮುಂದೆ ಕೂತು ಹಾಡುತ್ತಿದ್ದರೆಂದು ಹೇಳಿದ. ಲೋಟ ಖಾಲಿಯಾದ ಮೇಲೆ ನಾನು ಬಾಯಿಬಿಟ್ಟೆ.

“ನಿಮ್ಮಪ್ಪ ಅವತ್ತು ಕುಡ್ದಿರ್ನಿಲ್ಲ. ನಾನೇ ಸುಳ್ಳೇಳ್ದೆ.”

“ಅದು ನಮ್ ಮನೇಲಿ ಎಲ್ಲಾರ್ಗೂ ಗೊತ್ತು ಸಾರ್” ಎಂದ, ದನಿ ಏರಿಸದೆ. “ಗೊತ್ತಿಲ್ದೋರು ನಿಮ್ಮೂರಲ್ಲೇ ಅವ್ರೆ. ಅಲ್ಲೋಗಿ ಹೇಳಿ.”

ಬಂದು ಮೂರು ವಾರವಾಯಿತು. ದಿನಾ ಸಂಜೆ ಅರಳಿಕಟ್ಟೆಯ ಮೇಲೆ ಕೂರುತ್ತೇನೆ, ಓರಗೆಯವರೆಲ್ಲ ಇರುತ್ತಾರೆ. ಮೊನ್ನೆ ಒಬ್ಬ ತಾನಾಗಿಯೇ ಆ ನಾಟಕದ ಸುದ್ದಿ ತೆಗೆದ. “ಆ ನೀರುಗಂಟಿ ಕುಡ್ಕಂಡ್ ಬಂದು ನಿನ್ ಮಾನ ಕಳ್ದ್ಬುಟ್ಟ, ಅಲ್ವೇನ್ಲಾ?” ಎಂದ.

ನಾನು ಹೂಂ ಅಂದೆ.