ನೀಲಿ ವಯರು

ಕಂಪ್ಯೂಟರ್ ರಿಪೇರಿಯವನಿಗೆ ಸುಮ್ಮನೆ ಕುಶಲ ಕೇಳಲು ಯಾರೂ ಫೋನ್ ಮಾಡುವುದಿಲ್ಲ. ನಮ್ಮ ಕಂಪೆನಿಯ ಕಚೇರಿ ಪುತ್ತೂರಿನಲ್ಲಿದೆ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನ ಶಾಲೆ, ಸೊಸೈಟಿ, ಅಂಗಡಿಗಳ ಕಂಪ್ಯೂಟರು ಕೆಟ್ಟರೆ ಬೈಕ್ ಹತ್ತಿ ಹೋಗುವವನು ನಾನು. ಬೆಳಿಗ್ಗೆ ಕೆದಂಬಾಡಿ, ಮಧ್ಯಾಹ್ನ ಇಚಿಲಂಪಾಡಿ. ಎಲ್ಲಿ ಹೋದರೂ ಮೊದಲ ಮಾತು ಒಂದೇ: "ನಾವು ಎಂತದೂ ಮಾಡ್ಲಿಲ್ಲ ಮಾರಾಯ್ರೆ, ಅದು ಅದರಷ್ಟಕ್ಕೇ ಹೋದದ್ದು." ಮುಚ್ಚಳ ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ. ಆಯುಧಪೂಜೆಯ ಮರುದಿನ ಕೀಬೋರ್ಡಿನ ಸಂದಿಯಲ್ಲಿ ಕುಂಕುಮ, ಗಾಳಿ ಹೋಗುವ ಕಿಂಡಿಗೆ ಅಡ್ಡವಾಗಿ ಸೇವಂತಿಗೆ ಮಾಲೆ. ಮದುವೆಯ ಪಂಕ್ತಿಯಲ್ಲಿ ಕುಳಿತರೆ ಎಲೆಗೆ ಅನ್ನ ಬೀಳುವ ಮೊದಲೇ ಪಕ್ಕದವರು ತಮ್ಮ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಿರುತ್ತಾರೆ.

ನನಗೆ ಸಿಟ್ಟು ಬೇಗ ಬರುತ್ತದೆ. ಆ ಸಿಟ್ಟಿನ ಕಥೆಗಳನ್ನೇ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಇದೊಂದನ್ನು ಮಾತ್ರ ಹೆಂಡತಿಗೂ ಹೇಳಿಲ್ಲ.

ಸುಬ್ರಹ್ಮಣ್ಯ ದಾಟಿ ಒಳಗೆ, ಕೊಲ್ಲಮೊಗ್ರು ಕಡೆಯ ಬಸ್ಸು ಏದುಸಿರು ಬಿಡುತ್ತಾ ಹತ್ತುವ ದಾರಿಯಲ್ಲಿ ಒಂದು ಹೈಸ್ಕೂಲು. ಯಾವ ಊರೆಂಬುದು ಬೇಡ. ಅಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ಶಾಲೆಯ ಮಾಡಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಅದರ ತುದಿಗೆ ತಟ್ಟೆಯಂಥದ್ದೊಂದನ್ನು ಕಟ್ಟಿ, ದೂರದ ಟವರಿನಿಂದ ಇಂಟರ್‌ನೆಟ್ ಹಿಡಿಯುವ ವ್ಯವಸ್ಥೆ ಮಾಡಿದ್ದೆವು. ಆ ತಟ್ಟೆಯಿಂದ ಒಂದು ನೀಲಿ ವಯರು ಗೋಡೆಯ ಮೇಲೆ ಇಳಿದು, ಕಿಟಕಿಯ ತೂತಿನಿಂದ ಕಚೇರಿಯೊಳಗೆ ಬಂದು, ಒಂದು ಸಣ್ಣ ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಸೇರುತ್ತಿತ್ತು.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು ನನಗಿಂತ ನಾಲ್ಕೈದು ವರ್ಷ ದೊಡ್ಡ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ನಲವತ್ತು ದಾಟಿದ ಮೇಲೆ ಕಡಬಕ್ಕೆ ದಿನಾ ಬಸ್ಸಿನಲ್ಲಿ ಹೋಗಿ, ಪಿಯುಸಿ ಮಕ್ಕಳ ನಡುವೆ ಕುಳಿತು ಕಂಪ್ಯೂಟರ್ ಕಲಿತವರು. ಆ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿ ಮೇಜಿನ ಡ್ರಾವರಿನಲ್ಲಿ ಇಟ್ಟುಕೊಂಡಿದ್ದರು. ಖಾಯಂ ಕೆಲಸವಲ್ಲ, ಆಡಳಿತ ಮಂಡಳಿ ವರ್ಷ ವರ್ಷ ಮುಂದುವರಿಸಬೇಕು. ಆದರೂ ಊರಿನಲ್ಲಿ ಅವರನ್ನು "ಕಂಪ್ಯೂಟರ್ ಅಕ್ಕ" ಎಂದು ಕರೆಯುತ್ತಿದ್ದರು, ಮತ್ತು ಆ ಹೆಸರು ಅವರಿಗೆ ಖುಷಿ ಕೊಡುತ್ತಿತ್ತು.

ಎಷ್ಟೋ ಸಮಯ ನಾನು ಅವರ ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ಇಂಟರ್‌ನೆಟ್ ಹೋದರೆ ನನಗೆ ಫೋನ್ ಮಾಡಲು ಅವರು ಶಾಲೆಯ ಹಿಂದಿನ ಗುಡ್ಡೆ ಹತ್ತಿ ಒಂದು ಹಲಸಿನ ಮರದಡಿ ನಿಲ್ಲಬೇಕು. ರೇಂಜ್ ಸಿಗುವುದು ಅಲ್ಲಿ ಮಾತ್ರ. ನಾನು ಕೇಳುವುದು, "ಪೆಟ್ಟಿಗೆಯಲ್ಲಿ ಎಷ್ಟು ಲೈಟ್ ಹೊತ್ತಿದೆ?" ಅವರು ಕೆಳಗೆ ಓಡಿ ನೋಡಿ, ಮತ್ತೆ ಮೇಲೆ ಬಂದು ಹೇಳುವುದು, "ಎರಡು ಸರ್." "ಯಾವ ಬಣ್ಣ?" ಮತ್ತೆ ಕೆಳಗೆ. ಒಂದು ಕಾಗದದಲ್ಲಿ ಎಲ್ಲ ಬರೆದುಕೊಂಡು ಬನ್ನಿ ಎಂದು ಹೇಳುವಷ್ಟು ಬುದ್ಧಿಯೂ ನನಗೆ ಮೊದಮೊದಲು ಇರಲಿಲ್ಲ. ಅವರೇ ಆಮೇಲೆ ಪೆನ್ನು ಕಾಗದ ಹಿಡಿದು ಬರತೊಡಗಿದರು. ಎಡಗಡೆಯಿಂದ ಒಂದನೇ ಲೈಟು ಹಸಿರು, ಎರಡನೆಯದು ಮಿಣುಕುತ್ತದೆ ಎಂದು ಏದುಸಿರಿನಲ್ಲಿ ಓದಿ ಹೇಳುತ್ತಿದ್ದರು. ತಡವಾದರೆ ನಾನು ರೇಗುತ್ತಿದ್ದೆ. "ಎಂತ ಅಕ್ಕ, ಇಷ್ಟು ಹೊತ್ತು?"

"ಮೊಣಗಂಟು ಸ್ವಲ್ಪ ಹಿಡಿದುಕೊಳ್ತದೆ ಸರ್, ಸಾರಿ" ಎನ್ನುತ್ತಿದ್ದರು.

ಈಗ ಚುಕ್ಕೆಯ ವಿಷಯ ಹೇಳಬೇಕು. ನಮ್ಮ ಕಚೇರಿಯ ಗೋಡೆಯ ಮೇಲೆ ಒಂದು ಪರದೆ ಇದೆ. ಪ್ರತಿ ಶಾಲೆಗೂ ಸೊಸೈಟಿಗೂ ಅದರಲ್ಲಿ ಒಂದೊಂದು ಚುಕ್ಕೆ. ಸಂಪರ್ಕ ಇದ್ದರೆ ಹಸಿರು, ತಪ್ಪಿದರೆ ಕೆಂಪು. ಮ್ಯಾನೇಜರ್ ಆ ಪರದೆಯನ್ನು ನೋಡಿಯೇ ನಮ್ಮ ಯೋಗ್ಯತೆ ಅಳೆಯುವುದು. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಘಟ್ಟದ ಬುಡದಲ್ಲಿ ದಿನಾ ಮಧ್ಯಾಹ್ನದ ಮೇಲೆ ಗುಡುಗು. ಆಗ ಅಕ್ಕನ ಶಾಲೆಯ ಚುಕ್ಕೆ ಮೂರು ಗಂಟೆಗೇ ಕೆಂಪಾಗಿ ಮರುದಿನ ಬೆಳಿಗ್ಗೆಯವರೆಗೂ ಹಾಗೆಯೇ ಇರುತ್ತಿತ್ತು. ಪ್ಲಗ್ ತೆಗೆದರೂ ಆ ಸಣ್ಣ ಪೆಟ್ಟಿಗೆ ಬ್ಯಾಟರಿಯಲ್ಲಿ ನಡೆಯುತ್ತದೆ, ಚುಕ್ಕೆ ಕೆಂಪಾಗಬಾರದು. ಹಾಗಾದರೆ ಅವರು ನೀಲಿ ವಯರನ್ನೇ ಎಳೆದು ತೆಗೆಯುತ್ತಿದ್ದಾರೆ ಎಂದಾಯಿತು.

ನಮ್ಮ ಕಡೆ ಯಾರೂ ಮಾಡುವುದು ಅದನ್ನೇ. ಮೊದಲ ಗುಡುಗಿಗೆ ಮನೆಯಲ್ಲಿ ಯಾರಾದರೂ ಎದ್ದು ಟಿವಿಯ ವಯರು, ಫೋನಿನ ವಯರು ಎಲ್ಲ ತೆಗೆದಿಡುತ್ತಾರೆ. ನನ್ನ ತಾಯಿ ತೆಗೆಯುತ್ತಿದ್ದರು. ಪುತ್ತೂರಿನ ನನ್ನ ಮನೆಯಲ್ಲಿ ನಾನೇ ತೆಗೆಯುತ್ತೇನೆ. ಸಿಡಿಲು ಕರೆಂಟಿನ ತಂತಿಯಲ್ಲಿ ಮಾತ್ರ ಬರುತ್ತದೆ ಎಂದು ನಂಬುವಷ್ಟು ದಡ್ಡ ನಾನಲ್ಲ.

ಆ ವಾರ ಮ್ಯಾನೇಜರ್ ಎಲ್ಲರೆದುರು, "ನಿಮ್ಮ ಏರಿಯಾದಲ್ಲಿ ಕೆಂಪು ಬಿಟ್ಟರೆ ಬೇರೆ ಬಣ್ಣ ಇಲ್ವಾ?" ಎಂದು ಕೇಳಿದರು. ನಾನು ಮುಖ ಕೆಂಪು ಮಾಡಿಕೊಂಡು ಕುಳಿತಿದ್ದಾಗ ಗುಡ್ಡೆಯ ಮೇಲಿನಿಂದ ಅಕ್ಕನ ಫೋನು, ಯಾವುದೋ ಪ್ರಿಂಟರಿನ ವಿಷಯಕ್ಕೆ. ಸಿಕ್ಕಿದ ಸಿಟ್ಟನ್ನೆಲ್ಲ ಅವರ ಮೇಲೆ ಹಾಕಿದೆ.

"ಆ ನೀಲಿ ವಯರು ತೆಗೆಯುದು ಯಾಕೆ ನೀವು?"

"ಗುಡುಗು ಸರ್. ಇಲ್ಲಿ ಭಯಂಕರ ಉಂಟು."

"ಪ್ಲಗ್ ತೆಗೀರಿ, ಸಾಕು. ನೀಲಿ ವಯರಲ್ಲಿ ಕರೆಂಟೇ ಇಲ್ಲ, ಅದಕ್ಕೆ ಎಂತ ಆಗುದು? ಇನ್ನು ಅದನ್ನು ಮುಟ್ಟಬೇಡಿ. ಕಂಪ್ಯೂಟರ್ ಕಲಿತವರು ನೀವು, ಇಷ್ಟು ಗೊತ್ತಿಲ್ವಾ?"

"ಆಯ್ತು ಸರ್. ಗೊತ್ತಿರ್ಲಿಲ್ಲ" ಎಂದರು.

ಮರುದಿನದಿಂದ ಚುಕ್ಕೆ ಹಸಿರು. ನಾನು ಆರಾಮವಾಗಿದ್ದೆ.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಅವರ ಫೋನು. "ಸರ್, ಕಂಪ್ಯೂಟರ್ ಆನೇ ಆಗುದಿಲ್ಲ. ಸುಟ್ಟ ವಾಸನೆ ಬರ್ತದೆ. ನಿನ್ನೆ ಶಾಲೆ ಬಿಟ್ಟ ಮೇಲೆ ದೊಡ್ಡ ಸಿಡಿಲು ಬಡಿದದ್ದು." ಅಷ್ಟು ಕೇಳಿದಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಆದರೂ ಬೈಕಿನಲ್ಲಿ ಅಷ್ಟು ದೂರ ಹೋಗುವ ಬೇಸರಕ್ಕೆ, ಆ ಸ್ವಿಚ್ ಒತ್ತಿ, ಈ ವಯರು ಅಲ್ಲಾಡಿಸಿ ಎಂದು ಅವರನ್ನು ಮೂರು ಸಲ ಗುಡ್ಡೆ ಹತ್ತಿಸಿ ಇಳಿಸಿದೆ.

ಮಧ್ಯಾಹ್ನ ಹೋದಾಗ ಅವರು ಅಂಗಳದಲ್ಲೇ ಕಾಯುತ್ತಿದ್ದರು. ಸಪೂರ ಹೆಂಗಸು, ಒಗೆದು ಒಗೆದು ಬಣ್ಣ ಹೋದ ಕಾಟನ್ ಸೀರೆ. ಕಚೇರಿಗೆ ಮೂರು ಮೆಟ್ಟಿಲು. ಒಂದೊಂದನ್ನೂ ಗೋಡೆ ಹಿಡಿದು ಹತ್ತಿದರು. ಆ ಮೊಣಗಂಟಿನಲ್ಲೇ ಇಷ್ಟು ದಿನ ಗುಡ್ಡೆ ಹತ್ತಿದ್ದು ಎಂದು ಅರ್ಥವಾದಾಗ ನನಗೆ ನಾಚಿಕೆಯಾಯಿತು. ಒಳಗೆ ಪ್ಲಗ್‌ಗಳನ್ನೆಲ್ಲ ತೆಗೆದು, ಮತ್ತೆ ಸಾಲಾಗಿ ಸುತ್ತಿ ಇಟ್ಟಿದ್ದರು. ನೀಲಿ ವಯರೊಂದು ಮಾತ್ರ ಇದ್ದಲ್ಲೇ ಇತ್ತು. ಅದು ಕಂಪ್ಯೂಟರಿಗೆ ಸೇರುವ ತೂತಿನ ಸುತ್ತ ಕಪ್ಪು ಮಸಿ. ಒಳಗಿನ ಬೋರ್ಡೂ ಹೋಗಿತ್ತು, ಹಾರ್ಡ್ ಡಿಸ್ಕೂ ಹೋಗಿತ್ತು.

ಆ ಡಿಸ್ಕಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆಯ ಅರ್ಜಿಗೆ ಬೇಕಾದ ವಿವರಗಳಿದ್ದವು. ಕೊನೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಎಲ್ಲದರ ನಕಲು ಇಂಟರ್‌ನೆಟ್ಟಿನಲ್ಲಿ ನಮ್ಮ ಕಚೇರಿಗೆ ಬಂದು ಸೇರಬೇಕಿತ್ತು. ನೋಡಿದರೆ ಒಂದು ತಿಂಗಳಿನಿಂದ ಬಂದಿರಲಿಲ್ಲ. ಹಸಿರು ಚುಕ್ಕೆ ವಯರು ಇದೆ ಎಂದಷ್ಟೇ ಹೇಳುತ್ತಿತ್ತು, ಅದರಲ್ಲಿ ಏನಾದರೂ ಬರುತ್ತಿದೆಯೇ ಎಂದು ನೋಡುವ ಕೆಲಸ ನನ್ನದು. ನಾನು ನೋಡಿರಲಿಲ್ಲ.

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಅಕ್ಕನಿಗೆ ಗದರಿದರು. ಅಕ್ಕ ಒಂದು ಸಲ ನನ್ನ ಮುಖ ನೋಡಿದರು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆಮೇಲೆ ಅಕ್ಕ ಟೀಚರುಗಳ ಜೊತೆ ಕುಳಿತು, ದಾಖಲಾತಿ ಪುಸ್ತಕ ತೆಗೆದು, ಮೂರೇ ದಿನದಲ್ಲಿ ಎಲ್ಲವನ್ನೂ ಹೊಸತಾಗಿ ಟೈಪ್ ಮಾಡಿದರಂತೆ. ಒಬ್ಬ ವಿದ್ಯಾರ್ಥಿಯ ಅರ್ಜಿಯೂ ತಪ್ಪಲಿಲ್ಲ.

ನನ್ನ ಪಾಪ ಅದಕ್ಕೂ ಮೊದಲಿನದು, ಆ ಮಧ್ಯಾಹ್ನದ್ದೇ. ಬೇರೆ ಕಂಪ್ಯೂಟರ್ ಕೂರಿಸಿದ ಮೇಲೆ ನಾವು ಕಾಲ್ ರಿಪೋರ್ಟ್ ಎಂಬ ಒಂದು ಹಾಳೆ ತುಂಬಬೇಕು. ಎಲ್ಲ ಇಂಗ್ಲಿಷಿನಲ್ಲಿ. ಕೊನೆಯಲ್ಲಿ 'ಕಾರಣ' ಎಂಬ ಜಾಗ, ಅದರ ಕೆಳಗೆ ಗುರುತು ಹಾಕುವ ಚೌಕಗಳು. 'ಸಿಡಿಲು' ಎಂಬ ಚೌಕಕ್ಕೆ ಗುರುತು ಹಾಕಿದರೆ ಫೋಟೋ ಕಳಿಸಬೇಕು, ವಿವರಣೆ ಬರೆಯಬೇಕು, ವಯರು ಯಾಕೆ ತೆಗೆದಿರಲಿಲ್ಲ, ಯಾರು ಹೇಳಿದ್ದು, ನಕಲು ಎಲ್ಲಿ ಎಂಬ ಪ್ರಶ್ನೆಗಳು ಬರುತ್ತವೆ. 'ಬಳಕೆದಾರರ ತಪ್ಪು' ಎಂಬ ಚೌಕಕ್ಕೆ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ನಾವೆಲ್ಲರೂ ಕಷ್ಟದ ದಿನ ಆ ಚೌಕಕ್ಕೇ ಹೋಗುತ್ತಿದ್ದೆವು. ಅದು ಯಾರನ್ನೂ ಮುಟ್ಟದ ಸುಳ್ಳು ಎಂದು ನಮ್ಮ ಲೆಕ್ಕ. ಅಲ್ಲಿಗೇ ಗುರುತು ಹಾಕಿದೆ. ಪಕ್ಕದಲ್ಲಿ, ಸಿಬ್ಬಂದಿಗೆ ಕಂಪ್ಯೂಟರಿನ ಸಾಕಷ್ಟು ತಿಳಿವಳಿಕೆ ಇಲ್ಲ ಎಂದೂ ಒಂದು ಸಾಲು ಬರೆದೆ. ಬರೆಯದಿದ್ದರೂ ನಡೆಯುತ್ತಿತ್ತು.

"ಇಲ್ಲೊಂದು ಸೈನ್ ಹಾಕಿ ಅಕ್ಕ, ಸೀಲು ಕೂಡ."

"ಎಂತ ಬರೆದದ್ದು ಸರ್?"

"ಎಂತ ಇಲ್ಲ, ಬಂದು ಸರಿ ಮಾಡಿಕೊಟ್ಟೆ ಅಂತ."

ಅವರು ಸೀಲನ್ನು ಮೊದಲು ಒಂದು ರದ್ದಿ ಕಾಗದದ ಮೇಲೆ ಒತ್ತಿ ನೋಡಿದರು. ಶಾಯಿ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹಾಳೆಯ ಮೇಲೆ ನೆಟ್ಟಗೆ ಒತ್ತಿದರು. ಸೈನ್ ಹಾಕಿದರು. ನನಗೆ ಚಹಾ ತಂದುಕೊಟ್ಟರು. ನಾನು ಕುಡಿದೆ.

ಮುಂದಿನ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಕನ್ನಡ ಟೀಚರು ಕಂಪೌಂಡಿನವರೆಗೆ ನನ್ನ ಜೊತೆ ನಡೆದು ಬಂದು ಹೇಳಿದರು. ಆಡಳಿತ ಮಂಡಳಿಯ ಮೀಟಿಂಗಿನಲ್ಲಿ, ಕಂಪೆನಿಯಿಂದ ಬಂದ ನನ್ನ ಹಾಳೆಯನ್ನು ಓದಿದರಂತೆ. ಅಕ್ಕ, ಕಂಪೆನಿಯ ಸರ್ ಹೇಳಿದ ಹಾಗೇ ಮಾಡಿದ್ದು ಎಂದರಂತೆ. ಹಾಗಾದರೆ ಈ ಸೈನ್ ಯಾರದ್ದು ಎಂದು ಕೇಳಿದರಂತೆ. ಕೆಲಸ ಮುಂದುವರಿಸಲಿಲ್ಲ.

ಮಂಡಳಿಗೆ ನಾನು ಒಂದು ಪತ್ರ ಬರೆದರೆ ಆಗುತ್ತಿತ್ತು. ಅದರ ಒಕ್ಕಣೆ ಬೈಕಿನಲ್ಲಿ ಬರುವಾಗಲೇ ನನ್ನ ತಲೆಯಲ್ಲಿ ತಯಾರಿತ್ತು. ಪುತ್ತೂರು ಮುಟ್ಟುವಾಗ ನಾಳೆ ಬರೆಯುವ ಎನಿಸಿತು. ಅಂಥ ನಾಳೆಗಳು ಎಷ್ಟೋ ಬಂದು ಹೋದವು. ಹೆದರಿಕೆ ಎಂದು ಹೇಳಿದರೆ ಪೂರ್ತಿ ನಿಜವಲ್ಲ, ಸೋಮಾರಿತನವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆಯದು ಎಂದು ನನಗೆ ಈಗಲೂ ತೀರ್ಮಾನಿಸಲು ಆಗಿಲ್ಲ.

ಕಳೆದ ಅಕ್ಟೋಬರಿನಲ್ಲಿ ಸುಳ್ಯದ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಬಿಲ್ಲು ಹಾಕುವ ಕಂಪ್ಯೂಟರಿನಿಂದ ಪ್ರಿಂಟ್ ಬರುತ್ತಿಲ್ಲ ಎಂದು ದೂರು. ಮೇಜಿನ ಪಕ್ಕ ಕೆಳಗೆ ಕುಳಿತು, ಗಿರಾಕಿಗಳು ಬಿಡಿಸಿ ಹಾಕಿದ ಸೀರೆಗಳನ್ನು ಮಡಚುತ್ತಿದ್ದವರು ತಲೆ ಎತ್ತಿ, "ಸರ್, ಆರಾಮಾ?" ಎಂದರು. ಅಕ್ಕ.

ಅವರು ಪ್ರಿಂಟರಿನ ಹಿಂಭಾಗಕ್ಕೆ ಕೈ ತೋರಿಸಿ, "ಆ ವಯರು ಸಡಿಲ ಉಂಟು ಸರ್, ಬೆಳಿಗ್ಗೆಯೇ ನೋಡಿದೆ" ಎಂದರು.

ಅಂಗಡಿಯ ಯಜಮಾನರು ನಕ್ಕರು. ಕೆಟ್ಟ ಮನುಷ್ಯರೇನಲ್ಲ. "ಅಕ್ಕ, ನೀವು ಅದರ ಸುದ್ದಿಗೆ ಹೋಗ್ಬೇಡಿ ಆಯ್ತಾ. ಇವರು ಶಾಲೆಯಲ್ಲಿ ಒಂದು ಕಂಪ್ಯೂಟರ್ ಸುಟ್ಟು ಹಾಕಿದ್ದಾರೆ ಮಾರಾಯ್ರೆ. ಸೀರೆ ಮಡಚುದ್ರಲ್ಲಿ ಮಾತ್ರ ಎತ್ತಿದ ಕೈ."

ಅಕ್ಕನೂ ನಕ್ಕರು. ಎಷ್ಟೋ ಸಲ ಕೇಳಿದ ತಮಾಷೆಗೆ ನಗುವ ಹಾಗೆ. ನಾನು ಬಗ್ಗಿ ವಯರು ನೋಡಿದೆ. ಸಡಿಲವಾಗಿದ್ದದ್ದು ಅದೇ. ಒತ್ತಿದೆ, ಪ್ರಿಂಟ್ ಬಂತು. ಇವರು ಹೇಳಿದ್ದೇ ಸರಿ ಎಂದು ಹೇಳಲು ಎಷ್ಟು ಉಸಿರು ಬೇಕು? ಹೇಳಲಿಲ್ಲ.

ಅಷ್ಟರಲ್ಲಿ ಗುಡುಗು. ಮೊದಲು ದೂರದಲ್ಲಿ, ಮತ್ತೆ ಅಂಗಡಿಯ ಗಾಜು ನಡುಗುವಷ್ಟು ಹತ್ತಿರ. ಯಜಮಾನರು ಪ್ಲಗ್‌ಗಳನ್ನೆಲ್ಲ ತೆಗೆಯುತ್ತಾ ಬಂದು ನನ್ನನ್ನು ಕೇಳಿದರು, "ಈ ನೀಲಿ ವಯರನ್ನೂ ತೆಗಿಬೇಕಾ ಸರ್?"

"ಮೊದಲು ಅದನ್ನು ತೆಗೀರಿ" ಎಂದೆ. ಬಾಯಿಗೆ ತಾನಾಗಿ ಬಂದ ಮಾತು. ಹೇಳಿದ ಮೇಲೆಯೇ ಅಕ್ಕ ಅಲ್ಲಿರುವುದು ನೆನಪಾಯಿತು.

ಅವರ ಕೈ ಸೀರೆಯ ಮೇಲೆ ನಿಂತಿತ್ತು. ಯಜಮಾನರು ಬಾಗಿಲ ಕಡೆ ಹೋಗುವುದನ್ನೇ ಕಾದು, ಮೆಲ್ಲ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಕೇಳುವವರ ದನಿ.

"ಸರ್, ಶಾಲೆಯ ಆ ವಯರಿಗೂ ಈ ವಯರಿಗೂ ವ್ಯತ್ಯಾಸ ಎಂತ?"

"ಅದು... ಅದು ಬೇರೆ ಥರದ್ದು ಅಕ್ಕ" ಎಂದೆ.

"ಹೌದಾ" ಎಂದು ತಲೆಯಾಡಿಸಿದರು. "ಅದೇ, ನಾನು ಎನಿಸಿದೆ ಬೇರೆ ಇರ್ಬೇಕು ಅಂತ. ಇಲ್ಲದಿದ್ರೆ ನೀವು ಹಾಗೆ ಹೇಳ್ತಿರ್ಲಿಲ್ಲ ಅಲ್ವಾ."

ಮತ್ತೆ ಸೀರೆಯ ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದರು.